ಅಂಗೈ ಮುದ್ರೆಯ ಕಾಸುಗಳು

ಮಾರ್ಚ್ ೧೧, ಬುಧವಾರ

ಪ್ರೀತಿಯ ಅಕ್ಕನಿಗೆ,

ನಮ್ಮೂರ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಇಟ್ಟಿರುವ ಅಂಗೈ ಮುದ್ರೆ ಮೋಸದ್ದು. ಕಾಸುಗಳು ಹಳೆಯವೇ, ಮುದ್ರೆ ಮಾತ್ರ ಈಚೆಗೆ ಒತ್ತಿದ್ದು. ದುಡಿಯುವವರ ಗುರುತನ್ನು ಯಾರೋ ಖೋಟಾ ಮಾಡಿ ಮಾರಿಕೊಂಡಿದ್ದಾರೆ.

ಕ್ಷೇಮ ಕೇಳುವ ಮೊದಲೇ ಜಗಳ ತೆಗೆದಳು ಎಂದು ಬೈಯಬೇಡ. ಇಷ್ಟು ದಿನ ಕಾಗದ ಬರೆಯದೆ ಇದ್ದದ್ದಕ್ಕೂ ಇದೇ ಕಾರಣ. ಭಾವ ದುಡಿಯುವ ಕಾರ್ಖಾನೆಗೆ ಹಾಕಿದ್ದ ಬೀಗ ತೆಗೆದರೇ? ಪಾಪುವಿಗೆ ಹಲ್ಲು ಬಂತೇ? ಮುದ್ರಣಾಲಯದಲ್ಲಿ ನನ್ನ ಕೆಲಸ ಎಂದಿನಂತೆ ನಡೆದಿದೆ. ಮಾಲೀಕರು ಈಗಲೂ ನನ್ನನ್ನು ‘ಕರಪತ್ರದಮ್ಮ’ ಎಂದೇ ಕರೆಯುತ್ತಾರೆ.

ಬಂದರಿನ ಕೂಲಿಗಳ ಕಥೆ ನೆನಪಿದೆಯಲ್ಲ? ಸಭೆ ಸೇರಬಾರದೆಂದು ಅಪ್ಪಣೆಯಾದಾಗ ಅವರು ತಾಮ್ರದ ಕಾಸುಗಳ ಮೇಲೆ ಬಳೆಯಂಥ ಗೆರೆಯೊಳಗೊಂದು ಅಂಗೈ ಒತ್ತಿ ಪೇಟೆಗೆ ಬಿಟ್ಟರಂತೆ. ‘ನಾವಿದ್ದೇವೆ’ ಎಂಬ ಸುದ್ದಿ ಕೈಯಿಂದ ಕೈಗೆ ಹೋಯಿತಂತೆ. ಹಳೆಯ ಕರಪತ್ರವೊಂದರಲ್ಲಿ ಅದನ್ನು ಓದಿ, ಊಟಕ್ಕೆ ಕೂತಾಗಲೆಲ್ಲ ಹೇಳಿ ನಿಮ್ಮ ತಲೆ ತಿಂದಿದ್ದೆ. ಕಳೆದ ವರ್ಷ ಅಂಥವೇ ಕಾಸುಗಳು ಸಂಗ್ರಹಾಲಯಕ್ಕೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವುಗಳ ಬಗ್ಗೆ ಚಿಕ್ಕ ಪುಸ್ತಿಕೆ ಬರೆಯುವ ಹುಚ್ಚಿನಲ್ಲಿ ವಾರವಾರವೂ ಹೋಗಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ.

ಹಾಗೆ ನೋಡುತ್ತಲೇ ಅನುಮಾನ ಹುಟ್ಟಿತು. ನಮ್ಮ ಮುದ್ರಣಾಲಯದಲ್ಲಿ ಒಂದು ಅಕ್ಷರದ ಮೊಳೆ ಮುಕ್ಕಾದರೆ ಪ್ರತಿ ಹಾಳೆಯಲ್ಲೂ ಅದು ಅದೇ ಜಾಗದಲ್ಲಿ ಮುಕ್ಕಾಗಿರುತ್ತದೆ. ಇಲ್ಲಿಯೂ ಪ್ರತಿ ಕಾಸಿನಲ್ಲಿ ಕಿರುಬೆರಳಿನ ತುದಿ ಮುಕ್ಕು. ಎಲ್ಲವೂ ಒಂದೇ ಅಚ್ಚಿನವು ಎಂದಾಯಿತು. ಅದಾದರೂ ಇರಲಿ ಎನ್ನೋಣ. ಕೈಯಿಂದ ಕೈಗೆ ಓಡಾಡಿ ಕಾಸಿನ ಮೇಲಿನ ರಾಜನ ಮುಖ ಸವೆದು ನುಣ್ಣಗಾಗಿದೆ, ಅವನ ಕೆನ್ನೆಯ ಮೇಲಿನ ಅಂಗೈ ಮಾತ್ರ ನಿನ್ನೆ ಒತ್ತಿದಂತೆ ಚೂಪಾಗಿದೆ. ಮುಖ ಸವೆಯುವಾಗ ಅಂಗೈ ಎಲ್ಲಿತ್ತು?

ನಾಣ್ಯ ವಿಭಾಗದ ಮೇಡಂಗೆ ಹೇಳಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, “ಇವನ್ನ ಕೊಳ್ಳಿ ಅಂತ ಸಹಿ ಹಾಕಿದ್ದು ನಾನೇ ಕಣಮ್ಮ. ನನ್ನ ಕುತ್ತಿಗೆಗೆ ನಾನೇ ಹಗ್ಗ ಕಟ್ಕೊಂಡೆ” ಎಂದರು. ಆದರೂ ಮುಚ್ಚಿಡುವ ಮಾತಾಡಲಿಲ್ಲ. “ಸೋಮವಾರ ಸಮಿತಿ ಸೇರುತ್ತೆ. ನೋಡಿದ್ದನ್ನ ಬರೆದು ಕೊಡು. ಯಾರು ಅಂತ ಗೊತ್ತಾದ್ರೆ ಹೆಸರು ಸಮೇತ ಕೊಡು.”

“ಕೊಟ್ಟೇ ಕೊಡ್ತೀನಿ” ಎಂದು ಎದೆಯುಬ್ಬಿಸಿ ಬಂದೆ. ಮಾರಿದ ವ್ಯಾಪಾರಿಯ ಅಂಗಡಿಗೇ ಹೋಗಿ ಅಂಥದೇ ಒಂದು ಕಾಸು ಕೊಂಡೆ. ಯಾರಿಂದ ಬಂತು ಎಂದರೆ, “ಹಸು ಕೊಳ್ಳೋರು ಅದರ ಅಜ್ಜಿ ಹೆಸರು ಕೇಳ್ತಾರಾ?” ಎಂದು ನಕ್ಕ.

ಮನೆಯ ದೀಪದಡಿ ಅದನ್ನು ಹಿಡಿದು ನೋಡಿದೆ. ಅಂಗೈಯ ಸುತ್ತಲಿನ ಬಳೆ ಪೂರ್ತಿ ಕೂಡಿರಲಿಲ್ಲ. ಕೆಳಗೆ ಕೂದಲೆಳೆಯಷ್ಟು ಬಿಡುವು. ಕೆಂಪಗೆ ಕಾಯಿಸಿದ ಅಚ್ಚನ್ನು ನೀರಿಗೆ ಅದ್ದಿದಾಗ ಮುಚ್ಚಿದ ಬಳೆ ಸೀಳುತ್ತದೆ ಎಂದು ಹಾಗೆ ಬಿಡುವು ಬಿಟ್ಟು ಅಚ್ಚು ಕೊರೆಯುತ್ತಿದ್ದವರು ಈ ಊರಿನಲ್ಲಿ ಒಬ್ಬರೇ. ಉಳಿದ ಅಚ್ಚಿನವರು ಅವರನ್ನು ‘ಹರಕು ಬಳೆ’ ಎಂದು ಆಡಿಕೊಳ್ಳುತ್ತಿದ್ದರು.

ಅಪ್ಪನ ಮುಂದೆ ಕಾಸು ಹಿಡಿದೆ. “ಇದು ನಿಮ್ಮ ಕೆಲಸಾನಾ?”

ಅಪ್ಪ ಅದನ್ನು ಕಣ್ಣ ಹತ್ತಿರ ತಂದರು. “ಯಾವ ಕಾಸು ಇದು?”

“ಅಂಗೈ ಮುದ್ರೆದು. ಬಳೆ ಕೆಳಗೆ ಬಿಡುವಿದೆ. ಒತ್ತಿದೋರ ಹೆಸರು ಸಂಗ್ರಹಾಲಯಕ್ಕೆ ಬರ್ಕೊಡಬೇಕು.”

ಅವರ ಮುಖ ಒಮ್ಮೆಲೇ ಇಳಿಯಿತು. “ಹೌದು, ನಾನೇ. ನನ್ನ ಹೆಸರು ಬರ್ಕೊಟ್ಬಿಡು.”

“ನಾನು ನಂಬಿದ್ದನ್ನೇ ಮಾರಿದಿರಾ ಅಪ್ಪಾ? ಇನ್ನು ನಿಜವಾದ ಕಾಸು ಸಿಕ್ಕರೂ ಯಾರು ನಂಬ್ತಾರೆ? ಆ ಕೂಲಿಗಳು ಎರಡನೇ ಸಲ ಸತ್ತರು!”

“ಊಟ ಆರ್ತಿದೆ. ಉಂಡು ಬೈಯಮ್ಮ, ಶಕ್ತಿ ಬೇಕಲ್ಲ.”

ನಾನು ಉಣ್ಣಲಿಲ್ಲ, ಅವರೂ ಉಣ್ಣಲಿಲ್ಲ. ನ್ಯಾಯಕ್ಕೆ ಅಪ್ಪ, ಅಮ್ಮ ಇಲ್ಲ ಎಂದು ಎಷ್ಟು ಕರಪತ್ರಗಳಲ್ಲಿ ಓದಿದ್ದೇನೆ! ಅದನ್ನು ಬರೆದವರು ಯಾರೂ ಅಪ್ಪನ ಎದುರು ತಟ್ಟೆ ಇಟ್ಟುಕೊಂಡು ಕೂತಿರಲಿಲ್ಲವೇನೋ.

ಭಾವನಿಗೆ ನಮಸ್ಕಾರ. ಪಾಪುವಿಗೆ ನೂರು ವರ್ಷ ಆಯಸ್ಸಾಗಲಿ, ನಮ್ಮಿಬ್ಬರ ಹಟವೂ ಬರಲಿ.

ನಿನ್ನ ತಂಗಿ,
ಕರಪತ್ರದಮ್ಮ

ತಾಜಾ ಕಲಂ: ಕಾಗದ ಮುಗಿಸಿದರೂ ಬರೆಯಬೇಕಾದ್ದನ್ನು ಬರೆದಿಲ್ಲ. ಅಪ್ಪ ‘ನಾನೇ’ ಎಂದಾಗ ಮುದ್ರೆಯಿಲ್ಲದ ಬದಿಯನ್ನು ನೋಡುತ್ತಿದ್ದರು. ಪೊರೆ ಬಂದ ಆ ಕಣ್ಣಿಗೆ ನನ್ನ ಮುಖವೇ ಮಬ್ಬು. ಅಂಥವರು ಕಿರುಬೆರಳು ಕೊರೆಯುವುದೆಲ್ಲಿಂದ ಬಂತು? ಆ ಬಿಡುವು ಬಿಡುವುದನ್ನು ಅವರು ಕಲಿಸಿದ್ದು ನಿನಗೊಬ್ಬಳಿಗೇ ಅಕ್ಕಾ. ಆಗ ನಾನು ಕರಪತ್ರ ಓದುತ್ತಾ ಕೂತಿದ್ದೆ.

ಅಪ್ಪನ ಹೆಸರು ಬರೆದರೆ ಅದು ನನ್ನ ಸುಳ್ಳು. ಬರೆಯದೆ ಬಿಟ್ಟರೆ ಅದೂ ಸುಳ್ಳು. ನಿನ್ನ ಹೆಸರು ಬರೆಯಲು ಕೂತರೆ ಕೈ ಏಳುವುದಿಲ್ಲ. ನೀನೇ ಬಂದು ಸಮಿತಿಗೆ ಹೇಳಿದರೆ ನಾನು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ, ಯಾರು ಏನೇ ಅನ್ನಲಿ. ಬಾರದಿದ್ದರೆ ನಾನೇ ಬರೆಯುತ್ತೇನೆ. ಹೆದರಿಸುತ್ತಿಲ್ಲ, ಬೇಡುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಗ್ರಹಾಲಯದ ಮೆಟ್ಟಿಲ ಹತ್ತಿರ ಕಾಯುತ್ತಿರುತ್ತೇನೆ.