ಆಯ್ಕೆಯ ಹಿಂದಿನ ದಿನ

ವಿಶ್ವಾಸ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ನಿಜ ಬರೆಯುತ್ತಿದ್ದೇನೆ.

ಮೊನ್ನೆ ಔರಾದಿನಲ್ಲಿ ನಿನ್ನ ಅವ್ವ ಸಿಕ್ಕಿದ್ದರು. "ಅವನ ಕ್ಲಬ್ಬಿನ್ಯಾಗ ಬೆನ್ನಿಗಿ ಮಶೀನ್ ಕಟ್ತಾರಂತಪ್ಪಾ. ವಾರದಾಗ ಎಷ್ಟ ಓಡ್ಯಾನ ಅಂತ ನೋಡಿ, ಜಾಸ್ತಿ ಆದ್ರ ಆಡಸದ ಕೂಡಸ್ತಾರಂತ," ಅಂದರು. ನನಗೆ ಹೊಟ್ಟೆ ಉರಿಯಿತು. ನೀನು ದೊಡ್ಡ ಫುಟ್‌ಬಾಲ್ ಆಟಗಾರನಾದದ್ದಕ್ಕಲ್ಲ. ನಿನ್ನ ದಣಿವನ್ನು ಗಮನಿಸಲಿಕ್ಕೂ ಜನ ಇದ್ದಾರಲ್ಲ, ಅದಕ್ಕೆ.

ಆಗ ಬೀದರಿನಲ್ಲಿ ಜಿಲ್ಲಾ ತಂಡದ ಆಯ್ಕೆಯ ಹಿಂದಿನ ದಿನ ನೀನು ಬೂಟು ಬಿಚ್ಚಿ ಕೂತೆ. "ನಾಳಿಗಿ ಕಾಲ ಬೇಕಲೇ ಮಂಗ್ಯಾ, ಇವತ್ತ ಸಾಕು," ಅಂದೆ. ನಾನು ನಿನ್ನನ್ನು ಸೋಮಾರಿ ಎಂದು ನಕ್ಕು, ನಿನಗಿಂತ ಮುಂದಿರಬೇಕೆಂದೇ ಹತ್ತು ಸುತ್ತು ಹೆಚ್ಚಿಗೆ ಓಡಿದೆ. ಮರುದಿನ ಇಪ್ಪತ್ತೇ ನಿಮಿಷಕ್ಕೆ ನನ್ನ ತೊಡೆಯ ಸ್ನಾಯು ಹರಿಯಿತು. ನಿನ್ನನ್ನು ಆರಿಸಿಕೊಂಡರು.

ಈಗ ಭಾಲ್ಕಿಯಲ್ಲಿ ಹುಡುಗಿಯರ ತಂಡಕ್ಕೆ ಕಲಿಸುತ್ತೇನೆ. ನಾಳೆ ಪಂದ್ಯ. ಇವತ್ತು ಕೇತಕಿ ಎಂಬುವಳು ಇನ್ನೂ ಓಡುತ್ತೇನೆಂದು ಹಟ ಹಿಡಿದಳು. ಬೂಟು ಬಿಚ್ಚಿಸಿ ಕೂರಿಸಿದೆ.

"ಹಿಂದಿನ ದಿನ ಓಡಬಾರದಂತ ನಿಮಗ ಯಾರ್ ಕಲಿಸ್ಯಾರ್ರಿ ಸರ್?" ಎಂದಳು.

ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಯಾರೂ ಇಲ್ಲ, ನಾನೇ ಕಲ್ತೀನಿ," ಅಂದೆ.

ಮಂಗೇಶ