ಹನ್ನೊಂದು ಗಂಟು ರಾಗಿ

ಕಟ್ಟೆಮಳಲವಾಡಿ
೧೪-೧೨-೨೦೨೪

ಮಗಳು ಗೌತಮಿಗೆ ಅಪ್ಪನ ಆಶೀರ್ವಾದ.

ನಿನ್ನ ಅವ್ವನ ತಿಥಿ ಮುಗಿಸಿ ನೀನು ಹೋದ ಮಾರನೇ ದಿನವೇ ಕವರು ತಂದಿಟ್ಟೆ. ತಿಂಗಳಾಯಿತು. ತಡವಾಯಿತೆಂದು ಬಯ್ಯಬೇಡ, ನಾಲ್ಕನೇ ಕ್ಲಾಸಿನ ಕೈ ಇದು.

ನೀನು ಪ್ರೊಫೆಸರ್ ಆದದ್ದನ್ನು ಸೋಮಶೇಖರ್ ಮೇಷ್ಟರು ಹೇಳಿದರು. ನೀನೇ ಹೇಳಬಹುದಿತ್ತು. ಇರಲಿ. ರಾಗಿ ಕೊಯ್ಲು ಅರ್ಧ ಆಗಿದೆ. ಕುಡುಗೋಲು ಬೀಳುವ ಮೊದಲು ಹೊಲಕ್ಕಿಳಿದು ಬೀಜದ ತೆನೆ ಆರಿಸುವವಳು ಇಲ್ಲ. ಯಾವುದನ್ನು ಮುರಿಯಬೇಕೆಂದು ನನಗೆ ತಿಳಿಯಲಿಲ್ಲ. ಆಳುಗಳ ಮೇಲೆ ರೇಗಿ ಮನೆಗೆ ಬಂದೆ.

ಮೊನ್ನೆ ಅಟ್ಟ ಗುಡಿಸುವಾಗ ಅವ್ವನ ಮಡಕೆ ಸಿಕ್ಕಿತು. ಒಳಗೆ ಬೂದಿಯಲ್ಲಿ ಹುಗಿದ ಹನ್ನೊಂದು ಪುಟ್ಟ ಗಂಟು ರಾಗಿ, ಒಂದೊಂದಕ್ಕೂ ಬೇರೆ ಬಣ್ಣದ ದಾರ. ನನಗೇನೂ ಹೊಳೆಯಲಿಲ್ಲ. ಪಕ್ಕದ ಮನೆ ಮಲ್ಲಾಜಮ್ಮ ನೋಡಿ, "ಇದು ಗೌತಮಿ ರಾಗಿ ಕಣಣ್ಣ. ಚೀಟಿಯೆಲ್ಲ ಕಿತ್ತೋದ ದಿನ ಸುನಂದಕ್ಕ ಗಿಡಗಿಡಕ್ಕೂ ದಾರ ಕಟ್ಟಿದ್ಲು. ಯಾವ್ದು ಯಾವ ಸಾಲಿಂದು ಅಂತ ಅವಳಿಗೆ ಗ್ಯಾನ ಇತ್ತು" ಅಂದಳು. ನಿನಗೆ ಕಳಿಸಲು ಅವ್ವ ಅಂಜಿದಳಂತೆ, ನೀನು ಬಿಸಾಕಿಬಿಟ್ಟರೆ ಅಂತ.

ಒಂಬತ್ತು ವರ್ಷದ ಹಿಂದೆ ನಿನ್ನ ಓದಿಗೆಂದು ನಮ್ಮ ಹೊಲದಲ್ಲಿ ನೀನು ಎರಡು ತಳಿ ಕೂಡಿಸಿ, ತೆನೆಗಳಿಗೆ ಕಾಗದದ ಚೀಲ ತೊಡಿಸಿ, ನಂಬರಿನ ಚೀಟಿ ಕಟ್ಟಿ ಹೋಗಿದ್ದೆಯಲ್ಲ, ಅದೇ ರಾಗಿ. ಮತ್ತೆ ಬಂದಾಗ ಚೀಲವೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ತೆನೆಗೆ ಉಸಿರು ಕಟ್ಟುತ್ತದೆಂದು ತಾನೇ ಕಿತ್ತೆ ಅಂದಳು ಅವ್ವ. ನೀನು, "ಹೆಬ್ಬೆಟ್ಟಿನವಳನ್ನ ನಂಬಿ ಬಿಟ್ಟು ಹೋದೆನಲ್ಲ, ನಂಗೆ ಬುದ್ಧಿ ಇಲ್ಲ" ಅಂದೆ. ನಿನ್ನ ಓದು ಎರಡು ವರ್ಷ ಹಿಂದೆ ಬಿತ್ತು, ಒಪ್ಪುತ್ತೇನೆ. ಆಮೇಲೆ ಫೋನಿನಲ್ಲಿ ಅವಳ ದನಿ ಕೇಳಿದರೆ ಸಾಕು, ಅಪ್ಪನಿಗೆ ಕೊಡು ಎನ್ನುತ್ತಿದ್ದೆ. ಅವಳು ಕೊಡುತ್ತಿದ್ದಳು.

ಗಂಟುಗಳನ್ನು ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ. ಮೊಳೆಯುತ್ತದೋ ಇಲ್ಲವೋ ನಿನಗೇ ಗೊತ್ತು. ಬಿಚ್ಚುವಾಗ ಒಂದಕ್ಕೊಂದು ಕಲೆಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ
ಪುಟ್ಟಸ್ವಾಮಿ

ಇದನ್ನೂ ಓದು: ಚೀಲ ಕಿತ್ತದ್ದು ಅವಳಲ್ಲ, ನಾನು. ಟೀ ಅಂಗಡಿಯಲ್ಲಿ ದೇವಯ್ಯ, "ಏನ್ಲಾ ಪುಟ್ಸಾಮಿ, ನಿನ್ ರಾಗಿಗೆ ಚಳಿಯಾ? ಮಗ್ಳು ಕುಲಾವಿ ಹಾಕವ್ಳೆ" ಎಂದು ಎಲ್ಲರನ್ನೂ ನಗಿಸಿದ. ಆ ಸಿಟ್ಟಿಗೆ ನೇರ ಹೊಲಕ್ಕೆ ಹೋಗಿ ಚೀಲ, ಚೀಟಿ ಎಲ್ಲ ಕಿತ್ತು ತಂದು ಒಲೆಗೆ ಹಾಕಿದೆ. ನಿನ್ನ ಅವ್ವ, "ನಾನೇ ಕಿತ್ತೆ ಅಂತೀನಿ ಬುಡಿ. ಅವ್ವನ ಮ್ಯಾಲೆ ಸಿಟ್ಟು ಎಷ್ಟು ದಿನ ಇದ್ದಾತು" ಅಂದಳು. ಫೋನು ನನ್ನ ಕೈಗೆ ಕೊಡುವಾಗಲೆಲ್ಲ ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ನಾನು ಫೋನು ತೆಗೆದುಕೊಳ್ಳುತ್ತಿದ್ದೆ.