ಊಟದ ಗಂಟೆ ಹೊಡೆಸಬೇಡಿ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ದಯವಿಟ್ಟು ಊಟದ ಗಂಟೆ ಹೊಡೆಸಬೇಡಿ. ಹೊಡೆದರೆ ಮಕ್ಕಳೆಲ್ಲ ನೇರ ನಲ್ಲಿಗೇ ಓಡುತ್ತಾರೆ.

ಪರೀಕ್ಷೆ ಹತ್ತಿರ ಬಂತೆಂದು ಏಳನೇ ತರಗತಿಗೆ ಜೀವಕೋಶ, ಆಹಾರ ಸರಪಳಿ ಎರಡನ್ನೂ ಮತ್ತೊಮ್ಮೆ ಹೇಳಿಕೊಡುತ್ತಿದ್ದೆ. ಕೆರೆಯ ನೀರು ತನ್ನಿ ಎಂದಿದ್ದೆ. ನಮ್ಮ ಬಾಯಿಬಡುಕಿ ಹುಡುಗಿ ತಂದ ಬಾಟಲಿಯೇ ಎಲ್ಲಕ್ಕಿಂತ ಚೆಂದ. ಸೂಕ್ಷ್ಮದರ್ಶಕದ ಕೆಳಗೆ ಒಂದೇ ಹನಿಯಲ್ಲಿ ಹಸಿರು ಪಾಚಿ, ಅದನ್ನು ತಿನ್ನುವ ಏಕಕೋಶ ಜೀವಿ, ಅದನ್ನೂ ನುಂಗುವ ಪುಟ್ಟ ಹುಳು. ಮಕ್ಕಳು ಮುಗಿಬಿದ್ದು ಚಿತ್ರ ಬರೆದರು. ನಾನು ಶಹಬ್ಬಾಸ್ ಎಂದೆ.

ಅವಳು ತಲೆ ತಗ್ಗಿಸಿದಳು. "ಕೆರೆ ದೂರ ಮಿಸ್. ನಮ್ಮ ಶಾಲೆ ನಲ್ಲೀಲೇ ಹಿಡ್ಕೊಂಡೆ."

ತಕ್ಷಣ ಹೋಗಿ ತರಗತಿಯ ಬಾಗಿಲು ಹಾಕಿದೆ.

ಆ ನಲ್ಲಿಗೆ ನೀರು ಬರುವ ತೊಟ್ಟಿಯ ಮುಚ್ಚಳ ಒಡೆದಿದೆ ಎಂದು ನಾನು ಮೊನ್ನೆ ಹೇಳಿದಾಗ ನೀವು "ಪರೀಕ್ಷೆ ಮುಗೀಲಿ ಬಿಡಿ" ಎಂದಿರಿ. ಆ ಮಾತು ಈಗ ಎತ್ತುವುದಿಲ್ಲ. ಜವಾನರಿಗೆ ಹೇಳಿ ನಲ್ಲಿ ಬಂದ್ ಮಾಡಿಸಿ, ಹೊರಗಿನಿಂದ ಕುಡಿಯುವ ನೀರು ತರಿಸಿ. ಅಲ್ಲಿಯವರೆಗೆ ಒಬ್ಬರನ್ನೂ ಬಿಡದೆ ಬಾಗಿಲಿಗೆ ಅಡ್ಡ ನಿಂತಿರುತ್ತೇನೆ.

ಹುಡುಗಿಯನ್ನು ಬೈಯಬೇಡಿ. ಅವಳು ಆಮೇಲೆ ಒಂದು ಪ್ರಶ್ನೆ ಕೇಳಿದಳು. ಉತ್ತರ ನೀವೇ ಬಂದು ಕೊಡಿ: "ಹಾಗಾದ್ರೆ ಮಿಸ್, ಈ ಸರಪಳೀಲಿ ಕೊನೇಲಿರೋರು ನಾವಾ?"

ತರಗತಿಯ ಬಾಗಿಲಿನಿಂದ,
ನಿಮ್ಮ ವಿಜ್ಞಾನದ ಟೀಚರ್